ಪೆರ್ಲಾ ವರ್ಗದ ಸಬ್‌ಮರೀನ್: ಮೆಡಿಟರೇನಿಯನ್‌ನಲ್ಲಿ ನಡೆದದ್ದು ಕೆಂಪು ಸಮುದ್ರದಲ್ಲಿ ಯಾಕೆ ಕೈಕೊಟ್ಟಿತು?

ಹಡಗುಕಟ್ಟೆ:
ಇಟಲಿಯ ‘600’ ಶ್ರೇಣಿಯ ಸಬ್‌ಮರೀನ್‌ಗಳ ಬಗ್ಗೆ ಇಲ್ಲಿ ಬಿಡಿಬಿಡಿಯಾಗಿ ಮಾತಾಗಿದೆ, ಒಂದೇ ಕಡೆ ಕೂಡಿಲ್ಲ. ಅರ್ಗೊನೌಟಾ 7, ಸಿರೇನಾ 12, ಪೆರ್ಲಾ 10, ಆದುವಾ 17, ಅಚ್ಚಾಯೊ 13, ಒಟ್ಟು 59 ದೋಣಿಗಳು. ಒಂದೇ ಮೂಲ ನಕ್ಷೆಯನ್ನು ಹತ್ತಕ್ಕೂ ಹೆಚ್ಚು ವರ್ಷ ತಿದ್ದುತ್ತಾ ಕಟ್ಟಿದ್ದು. ನಡುವಿನ ಪೆರ್ಲಾ ವರ್ಗವನ್ನೇ ಇಟ್ಟುಕೊಂಡು ಎರಡು ಪ್ರಶ್ನೆ:

ವಿನ್ಯಾಸದಲ್ಲಿ ನಿಜವಾಗಿ ಏನು ಚೆನ್ನಾಗಿತ್ತು, ಏನು ಕೊರತೆ? ಎರಡನೆಯದು, 1940ರ ಜೂನ್‌ನಲ್ಲಿ ಕೆಂಪು ಸಮುದ್ರದ ಮಸಾವಾ ಬಂದರಿನಲ್ಲಿ (ಇಂದಿನ ಎರಿಟ್ರಿಯಾ) ಇಟಲಿಯ 8 ಸಬ್‌ಮರೀನ್‌ಗಳಿದ್ದವು, ತಿಂಗಳು ಮುಗಿಯುವಷ್ಟರಲ್ಲಿ 4 ಹೋದವು. ‘ಎಸಿ ಗ್ಯಾಸ್ ಸೋರಿ ಹಾಳಾದವು’ ಎಂದು ಎಲ್ಲರೂ ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. ಅಷ್ಟೇನಾ?

ನೀರೊಳಗೆ:
ಮೊದಲು ಅಳತೆ ಹೇಳಿಬಿಡ್ತೀನಿ, ಆಮೇಲೆ ಜಗಳ. ಪೆರ್ಲಾ: ಉದ್ದ 60.18 ಮೀಟರ್, ಅಗಲ 6.45 ಮೀಟರ್. ನೀರಿನ ಮೇಲೆ ಸುಮಾರು 700 ಟನ್, ಮುಳುಗಿದಾಗ 850ರ ಆಸುಪಾಸು. ಎರಡು ಡೀಸೆಲ್ ಸೇರಿ ಸುಮಾರು 1,400 ಅಶ್ವಶಕ್ತಿ, ಎರಡು ವಿದ್ಯುತ್ ಮೋಟಾರ್ ಸೇರಿ 800. ಮೇಲೆ 14 ನಾಟ್, ಕೆಳಗೆ 7.5 ನಾಟ್ (ಗಂಟೆಗೆ ಒಂದು ನಾಟಿಕಲ್ ಮೈಲಿ ಅಂದರೆ ಒಂದು ನಾಟ್). 533 ಮಿ.ಮೀ. ಟಾರ್ಪಿಡೊ ಟ್ಯೂಬ್ ಮುಂದೆ 4, ಹಿಂದೆ 2; ಟಾರ್ಪಿಡೊ 12. ಡೆಕ್ ಮೇಲೆ 100 ಮಿ.ಮೀ. ತೋಪು ಒಂದು, ಜೊತೆಗೆ 13.2 ಮಿ.ಮೀ. ಮೆಷಿನ್‌ಗನ್. ಪರೀಕ್ಷಿತ ಆಳ 80 ಮೀಟರ್. ಸಿಬ್ಬಂದಿ 45ರ ಹತ್ತಿರ.

ವಿನ್ಯಾಸಕಾರ ಕುರಿಯೊ ಬೆರ್ನಾರ್ಡಿಸ್. ಅವನ ಪದ್ಧತಿ ಒಂಟಿ ಹಲ್ (ಒತ್ತಡ ತಡೆಯುವ ಒಂದೇ ಒಡಲು). ಎರಡೂ ಪಕ್ಕಕ್ಕೆ ಉಬ್ಬಿದ ಟ್ಯಾಂಕ್‌ಗಳು. ಈ ಉಬ್ಬು ಅಲಂಕಾರಕ್ಕೆ ಬಂದದ್ದಲ್ಲ. ಅವನದೇ ಹಿಂದಿನ ಪಿಸಾನಿ ವರ್ಗ ಪರೀಕ್ಷೆಯಲ್ಲಿ ಪಕ್ಕಕ್ಕೆ ವಾಲಾಡಿತು. ಸ್ಥಿರತೆ ಸಾಲದೆ ಕಟ್ಟಿದ ಮೇಲೆ ಪಕ್ಕದ ಉಬ್ಬು ಅಂಟಿಸಬೇಕಾಯಿತು, ವೇಗ ಕುಸಿಯಿತು. ಆ ಪಾಠ 600 ಶ್ರೇಣಿಯ ನಕ್ಷೆಯಲ್ಲಿ ಮೊದಲಿಗೇ ಸೇರಿಕೊಂಡಿತು.

ಸಿರೇನಾಗೂ ಪೆರ್ಲಾಗೂ ದೊಡ್ಡ ವ್ಯತ್ಯಾಸವೇನಿಲ್ಲ. ಎಂಜಿನ್ ಹೊಸದು, ಇಂಧನ ಜಾಸ್ತಿ, ರೇಡಿಯೊ ದಿಕ್ಸೂಚಕವನ್ನು ಒಳಗಿನಿಂದಲೇ ತಿರುಗಿಸುವ ಏರ್ಪಾಡು. ಮೊನ್‌ಫಾಲ್ಕೋನೆಯ ಸಿಆರ್‌ಡಿಎ ಕಟ್ಟೆಯಲ್ಲಿ 6 (ಪೆರ್ಲಾ, ಜೆಮ್ಮಾ, ಬೆರಿಲ್ಲೊ, ಡಿಯಾಸ್ಪ್ರೊ, ತುರ್ಕೇಸೆ, ಕೊರಾಲ್ಲೊ), ಲಾ ಸ್ಪೆಜಿಯಾ ಬಳಿಯ ಮುಜ್ಜಾನೊದ ಓಟಿಓದಲ್ಲಿ 4 (ಅಂಬ್ರಾ, ಓನಿಚೆ, ಈರಿಡೆ, ಮಲಾಕಿಟೆ). ಹತ್ತೂ ನೀರಿಗಿಳಿದದ್ದು 1936ರಲ್ಲಿ.

ಕಡಲ್ಕರೆ_ಉಡುಪಿ:
ಅಂಕಿ ಸರಿ ಮಾರಾಯ್ರೆ, ಆದ್ರೆ ಆ ಅಂಕಿಯಿಂದ ದೋಣಿ ಏನು ಮಾಡಬಹುದಿತ್ತು ಅಂತ ಲೆಕ್ಕ ಹಾಕಿ ನೋಡಿ. ಮೇಲೆ 8 ನಾಟ್‌ನಲ್ಲಿ 5,200 ನಾಟಿಕಲ್ ಮೈಲಿ ಅಂದ್ರೆ 650 ಗಂಟೆ, 27 ದಿನ. ಮೆಡಿಟರೇನಿಯನ್‌ಗೆ ಧಾರಾಳ. ಕೆಳಗೆ 4 ನಾಟ್‌ನಲ್ಲಿ 74 ಮೈಲಿ, ಅಂದ್ರೆ ಹದಿನೆಂಟೂವರೆ ಗಂಟೆ. ಬೇಸಿಗೆಯಲ್ಲಿ ಹಗಲು 15 ಗಂಟೆ ಇರುವ ಕಡಲಲ್ಲಿ ಬೆಳಿಗ್ಗೆ ಮುಳುಗಿದ್ರೆ ಸಂಜೆಗೆ ಬ್ಯಾಟರಿಯಲ್ಲಿ ಐದನೇ ಒಂದು ಭಾಗದಷ್ಟೂ ಉಳಿಯುವುದಿಲ್ಲ. ಆ ಹೊತ್ತಿಗೆ ಡಿಸ್ಟ್ರಾಯರ್ (ವೇಗದ ಯುದ್ಧನೌಕೆ) ಬೆನ್ನು ಬಿದ್ರೆ ಓಡ್ಲಿಕ್ಕೆ ಕರೆಂಟ್ ಇಲ್ಲ. ವೇಗ ಏರಿಸಿದಷ್ಟೂ ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕ ಹಾಗೆ ಏರ್ತದೆ. 4ರಿಂದ 7.5ಕ್ಕೆ ಹೋದ್ರೆ ಆರೂವರೆ ಪಟ್ಟು.

80 ಮೀಟರ್ ಆಳ ಸಾಲದು ಅಂತ ಬೈಯುವವರು ಈ ಬ್ಯಾಟರಿ ಲೆಕ್ಕವನ್ನೂ ನೋಡಬೇಕು. ಇನ್ನೊಂದು ದೂರು ಕಾನಿಂಗ್ ಟವರಿನ, ಅಂದ್ರೆ ಡೆಕ್ ಮೇಲೆ ಎದ್ದು ನಿಲ್ಲುವ ಗೋಪುರದ, ಗಾತ್ರದ್ದು. ಇಟಲಿಯವರಿಗೆ ಟವರ್ ಅಂದ್ರೆ ಒಂದು ಕೋಣೆಯೇ ಬೇಕು. ದೊಡ್ಡ ಟವರ್ ರಾತ್ರಿ ದೂರದಿಂದಲೇ ಕಾಣ್ತದೆ, ಮುಳುಗುವಾಗ ನಿಧಾನ. ಫ್ರಾನ್ಸಿನ ಬೋರ್ಡೋ ನೆಲೆಗೆ ಹೋದ ದೊಡ್ಡ ದೋಣಿಗಳ ಟವರನ್ನು ಆಮೇಲೆ ಕತ್ತರಿಸಿ ತಗ್ಗಿಸಬೇಕಾಯ್ತು.

ನೀರೊಳಗೆ:
ಟವರ್ ಒಪ್ಪಿದೆ. ನನ್ನ ಪಟ್ಟಿಯಲ್ಲಿ ಅದಕ್ಕಿಂತ ಮೇಲಿರುವುದು ಟಾರ್ಪಿಡೊ ಗುರಿ ಲೆಕ್ಕಹಾಕುವ ಯಂತ್ರ ಇಲ್ಲದ್ದು. ಜರ್ಮನಿ, ಬ್ರಿಟನ್, ಅಮೆರಿಕ ಎಲ್ಲರ ಬಳಿ ಒಂದಲ್ಲ ಒಂದು ಬಗೆಯದು ಇತ್ತು. ಇಟಲಿಯ ಕ್ಯಾಪ್ಟನ್ ಪೆರಿಸ್ಕೋಪಿನಲ್ಲಿ ನೋಡಿ, ಹಡಗಿನ ವೇಗ ಅಂದಾಜಿಸಿ, ಕೋಷ್ಟಕ ನೋಡಿ, ಒಂದೋ ಎರಡೋ ಬಿಡುತ್ತಿದ್ದ. ಅಂದಾಜು ತಪ್ಪಿದರೆ ಏನಾಗುತ್ತೆ ನೋಡಿ: 50 ನಾಟ್ ಟಾರ್ಪಿಡೊ 1,500 ಮೀಟರ್ ಓಡಲು 58 ಸೆಕೆಂಡ್. ಗುರಿಯ ವೇಗವನ್ನು 15 ನಾಟ್ ಬದಲು 12 ಎಂದುಕೊಂಡರೆ ವ್ಯತ್ಯಾಸ ಸೆಕೆಂಡಿಗೆ ಒಂದೂವರೆ ಮೀಟರ್, 58 ಸೆಕೆಂಡಿಗೆ ಹತ್ತಿರ 90 ಮೀಟರ್. 120 ಮೀಟರ್ ಉದ್ದದ ಹಡಗಿನ ನಡುಮಧ್ಯಕ್ಕೆ ಗುರಿಯಿಟ್ಟಿದ್ದರೆ ಟಾರ್ಪಿಡೊ ಹಿಂಬದಿಯಿಂದ 30 ಮೀಟರ್ ಆಚೆ ಹೋಯಿತು. ಇದಕ್ಕೆ ಮದ್ದು ಬೀಸಣಿಗೆಯಂತೆ ಹರಡಿ ನಾಲ್ಕು ಬಿಡುವುದು. ಟಾರ್ಪಿಡೊ ಉಳಿತಾಯದ ಲೆಕ್ಕದಲ್ಲಿ ಅದನ್ನು ಮಾಡಲಿಲ್ಲ.

ಮಾಡಿದಾಗ ಏನಾಯಿತು ಎಂಬುದಕ್ಕೆ ಆಕ್ಸುಮ್ ಇದೆ. ಇದು ಆದುವಾ ವರ್ಗದ್ದು, ಪೆರ್ಲಾದ ತಮ್ಮ. 1942ರ ಆಗಸ್ಟ್ 12ರಂದು ಮಾಲ್ಟಾಕ್ಕೆ ಹೊರಟಿದ್ದ ಬ್ರಿಟಿಷ್ ಹಡಗುಗಳ ಕಾನ್ವಾಯ್ ಮೇಲೆ ಮುಂದಿನ ನಾಲ್ಕೂ ಟ್ಯೂಬಿನಿಂದ ಒಟ್ಟಿಗೆ ಬಿಟ್ಟಿತು. ಕ್ರೂಸರ್ ಕೈರೊ ಹೋಯಿತು, ಕ್ರೂಸರ್ ನೈಜೀರಿಯಾ ಮತ್ತು ಟ್ಯಾಂಕರ್ ಒಹಾಯೊ ಗಾಯಗೊಂಡವು. ಟ್ಯೂಬು, ಟಾರ್ಪಿಡೊ ಪೆರ್ಲಾದಲ್ಲೂ ಇಷ್ಟೇ ಇದ್ದವು.

ಹುಬ್ಬಳ್ಳಿ_ಹವಾ:
ಎರಡನೇ ಪ್ರಶ್ನೆಗೆ ನಾ ಬರ್ತೀನ್ರಿ. ‘ಎಸಿ ಗ್ಯಾಸ್ ಸೋರಿತು’ ಅನ್ನೋದು ಖರೆ, ಆದ್ರ ಯಾಕ ಸೋರಿತು, ಯಾಕ ಗೊತ್ತಾಗಲಿಲ್ಲ ಅನ್ನೋದ ಮುಖ್ಯ.

ಗ್ಯಾಸು ಮಿಥೈಲ್ ಕ್ಲೋರೈಡ್. −24 ಡಿಗ್ರಿಗೆ ಕುದೀತದ, ತಂಪು ಮಾಡ್ಲಿಕ್ಕೆ ಬಲು ಚಲೋ. ಸಲ್ಫರ್ ಡೈಆಕ್ಸೈಡ್, ಅಮೋನಿಯಾ ಇವೆರಡೂ ಸೋರಿದ ಕ್ಷಣಕ್ಕ ಮೂಗು ಕಿತ್ತು ಹೋಗೋ ವಾಸನಿ ಬರ್ತದ. ಮಿಥೈಲ್ ಕ್ಲೋರೈಡಿಗೆ ಬಣ್ಣ ಇಲ್ಲ, ವಾಸನಿ ಸಣ್ಣಗ, ಸಿಹಿ ಸಿಹಿ. ಡೀಸೆಲ್, ಬ್ಯಾಟರಿ, ಬೆವರು ಎಲ್ಲಾ ಕೂಡಿದ ಸಬ್‌ಮರೀನಿನಾಗ ಅದು ಯಾರ ಮೂಗಿಗೂ ಹತ್ತಂಗಿಲ್ಲ. 1928-29ರ ಹೊತ್ತಿಗೇ ಶಿಕಾಗೋದಾಗ ಮನಿ ಫ್ರಿಜ್‌ನಿಂದ ಸೋರಿ ಮಂದಿ ಸತ್ತಿದ್ರು. ಹಂಗಂದ್ರ ಅಪಾಯ ಹೊಸದಲ್ಲ.

ಈಗ ಕೆಂಪು ಸಮುದ್ರಕ್ಕ ಬರ್ರಿ. ಎಸಿಯ ಕಂಡೆನ್ಸರ್ (ಬಿಸಿ ಗ್ಯಾಸನ್ನ ತಣಿಸಿ ದ್ರವ ಮಾಡೋ ಭಾಗ) ತಣ್ಣಗಾಗೋದು ಸಮುದ್ರದ ನೀರಿನಿಂದ. ಜೂನ್‌ನಾಗ ಅಲ್ಲಿ ನೀರ 30 ಡಿಗ್ರಿ ಇರ್ತದ. ಈ ಗ್ಯಾಸಿನ ಒತ್ತಡ 20 ಡಿಗ್ರಿಗೆ 5 ಬಾರ್ ಹತ್ರ, 40ಕ್ಕ 8.5 ದಾಟ್ತದ. ಅಂದ್ರ ತಣ್ಣೀರಿನಾಗ ತಡಕೊಂಡ ಪೈಪು, ಜಾಯಿಂಟು, ಶಾಫ್ಟ್ ಸೀಲ್ ಎಲ್ಲಾದರ ಮ್ಯಾಲೂ ಒಂದೂವರಿ ಪಟ್ಟಿಗಿಂತ ಹೆಚ್ಚು ಭಾರ. ಮ್ಯಾಲ ಈ ಗ್ಯಾಸು ಒಳ್ಳೆ ದ್ರಾವಕ, ನೈಸರ್ಗಿಕ ರಬ್ಬರ್ ಗ್ಯಾಸ್ಕೆಟ್ ಹಾಕಿದ್ರ ಉಬ್ಬಿ ಮೆತ್ತಗಾಗ್ತದ. ಅಂಥಾ ಜಾಯಿಂಟಿನ ಬಾಜೂಕ ಡೆಪ್ತ್ ಚಾರ್ಜ್ (ನೀರೊಳಗ ಸಿಡಿಯೋ ಬಾಂಬು) ಸಿಡಿದ್ರ ಉಳೀತದೇನ್ರಿ?

ಎಷ್ಟು ಸೋರಿದ್ರ ಸಾಕು ಅಂತ ಲೆಕ್ಕ ಮಾಡ್ರಿ. 1 ಕಿಲೋ ಗ್ಯಾಸ್ 30 ಡಿಗ್ರಿಗೆ ಹತ್ತಿರ ಅರ್ಧ ಘನ ಮೀಟರ್ ಆಗ್ತದ. ದೋಣಿಯೊಳಗ ಖಾಲಿ ಹವಾ 300 ಘನ ಮೀಟರ್ ಅಂತ ಹಿಡಿದ್ರೂ 1,600 ಪಿಪಿಎಂ (ಹತ್ತು ಲಕ್ಷ ಭಾಗ ಹವಾದಾಗ 1,600 ಭಾಗ) ದಾಟಿತು. ಇವತ್ತಿನ ಕೆಲಸದ ಮಿತಿ 50ರಿಂದ 100 ಪಿಪಿಎಂ. 2,000 ಆದ್ರ ‘ಕೂಡಲೇ ಹೊರಗ ಬರ್ರಿ’ ಅನ್ನೋ ಮಟ್ಟ. ಹೊರಗ ಬರ್ಲಿಕ್ಕೆ ಮುಳುಗಿದ ಸಬ್‌ಮರೀನಿನಾಗ ಎಲ್ಲಿ ಜಾಗ?

ಸುನೀತಿ_ಕೆಮಿಸ್ಟ್ರಿ:
ಹುಬ್ಬಳ್ಳಿ ಸರ್ ಹೇಳಿದ್ದಕ್ಕೆ ದೇಹದ ಕಡೆಯದ್ದು ಸೇರಿಸುತ್ತೇನೆ. ಇದರ ಆವಿ ಗಾಳಿಗಿಂತ ಸುಮಾರು 1.8 ಪಟ್ಟು ಭಾರ. ಗಾಳಿ ಅಲುಗದಿದ್ದರೆ ಕೆಳಗಿನ ಬಿಲ್ಜ್, ಬ್ಯಾಟರಿ ಕೋಣೆಗಳಲ್ಲಿ ನಿಲ್ಲುತ್ತದೆ. ಸಬ್‌ಮರೀನಿನಲ್ಲಿ ಫ್ಯಾನ್ ಅದನ್ನು ಎತ್ತಿ ಎಲ್ಲ ಕೋಣೆಗೂ ಹಂಚುತ್ತದೆ. ಎಸಿ ಬೇಕಾಗುವುದು ಹ್ಯಾಚ್ ಮುಚ್ಚಿದಾಗ, ಗ್ಯಾಸ್ ಕೂಡಿಕೊಳ್ಳುವುದೂ ಆಗಲೇ.

ಲಕ್ಷಣಗಳು ಮೋಸ ಮಾಡುತ್ತವೆ. ತಲೆಸುತ್ತು, ಮಂಪರು, ಕಣ್ಣು ಮಂಜು, ತೊದಲು, ಕುಡಿದವರಂತೆ ತೂರಾಡುವುದು, ಕೆಲವರಲ್ಲಿ ಕಾರಣವಿಲ್ಲದ ನಗು, ಕೆಲವರಲ್ಲಿ ಸಿಟ್ಟು, ವಾಂತಿ, ಕೊನೆಗೆ ಸೆಳವು. ಶುರುವಾಗಲು ಗಂಟೆಗಳೇ ಹಿಡಿಯಬಹುದು. ಕೆಂಪು ಸಮುದ್ರದ ಬಿಸಿಯಲ್ಲಿ ಇದನ್ನು ಬಿಸಿಲಾಘಾತ ಎಂದುಕೊಳ್ಳುವುದು ಸಹಜ. ಬಿಸಿಲಾಘಾತವೆಂದರೆ ಏನು ಮಾಡುತ್ತಾರೆ? ಎಸಿ ಇನ್ನೂ ಜೋರು ಮಾಡುತ್ತಾರೆ.

ಬೆಂಕಿಯ ಭಯ ಬೇರೆ. ಗಾಳಿಯಲ್ಲಿ ಸರಿಸುಮಾರು 8ರಿಂದ 17 ಶೇಕಡಾ ಬೆರೆತರೆ ಹತ್ತಿಕೊಳ್ಳುತ್ತದೆ. ಅಲ್ಯುಮಿನಿಯಂ ಜೊತೆ ಸೇರಿದರೆ ಗಾಳಿ ತಗುಲಿದೊಡನೆ ತಾನಾಗಿಯೇ ಉರಿಯುವ ಸಂಯುಕ್ತಗಳಾಗುತ್ತವೆ. 2011ರಲ್ಲಿ ಶೀತಲ ಕಂಟೇನರ್‌ಗಳಲ್ಲಿ ನಕಲಿ ಗ್ಯಾಸ್ ಹೆಸರಲ್ಲಿ ಇದನ್ನೇ ತುಂಬಿ ಸ್ಫೋಟಗಳಾದವು. ಹಳೆಯ ಯಂತ್ರ ಬಿಚ್ಚುವವರಿಗೆ ಈಗಲೂ ಇದು ಬರೀ ಇತಿಹಾಸವಲ್ಲ.

ಹಡಗುಕಟ್ಟೆ:
ಹಾಗಾದರೆ ಸೋರಿಕೆ ಹಿಡಿಯಲು ಆಗ ಏನು ಮಾಡುತ್ತಿದ್ದರು? ವಿಷವಲ್ಲದ ಫ್ರಿಯಾನ್ ಗ್ಯಾಸ್ ಆ ಹೊತ್ತಿಗೆ ಬಂದಿತ್ತಲ್ಲ?

ಹುಬ್ಬಳ್ಳಿ_ಹವಾ:
ಫ್ರಿಯಾನ್ 1930ಕ್ಕ ಬಂತು, ಆದ್ರ ಅಮೆರಿಕದ ಮಾಲು. ಸೋರಿಕೆ ಹುಡುಕ್ಲಿಕ್ಕೆ ಎರಡು ದಾರಿ. ಒಂದು, ಜಾಯಿಂಟಿಗೆ ಸಾಬೂನ ನೀರು ಹಚ್ಚಿ ಗುಳ್ಳಿ ನೋಡೋದು. ಇನ್ನೊಂದು ಹ್ಯಾಲೈಡ್ ಟಾರ್ಚು: ಉರಿ ಒಳಗ ತಾಮ್ರದ ತಟ್ಟಿ ಕಾಯಿಸಿ, ರಬ್ಬರ್ ಕೊಳವಿಯಿಂದ ಗಾಳಿ ಎಳೆಸಿ ನೋಡಿದ್ರ, ಕ್ಲೋರಿನ್ ಇದ್ರ ಉರಿ ಹಸರ ಆಗ್ತದ. ಬಂದರಿನಾಗ ಹ್ಯಾಚ್ ತೆಗೆದು ಇದು ನಡೀತದ. ಮುಳುಗಿದ ದೋಣಿಯಾಗ, ಬ್ಯಾಟರಿ ಹೈಡ್ರೋಜನ್ ಬಿಡೋ ಜಾಗದಾಗ, ಹತ್ತಿಕೊಳ್ಳೋ ಗ್ಯಾಸು ಹುಡುಕ್ಲಿಕ್ಕೆ ಬೆಂಕಿ ಹಚ್ಚೋ ಧೈರ್ಯ ಯಾರಿಗದ?

ಸಾಬೂನ ನೀರಿಗೂ ಒಂದು ತೊಂದರಿ ಅದ. ಹೊರಗ ಕಾಣೋ ಜಾಯಿಂಟ್ ಸಿಗ್ತದ, ಶಾಫ್ಟ್ ಸೀಲ್ ಸಿಗಂಗಿಲ್ಲ. ಕಂಪ್ರೆಸರ್ ನಿಂತಾಗ ಸೀಲ್ ಬಿಗಿ ಇರ್ತದ, ತಿರುಗಿದಾಗಷ್ಟ ಸೋರ್ತದ. ನಿಲ್ಲಿಸಿ ನೋಡಿದವನಿಗೆ ‘ಎಲ್ಲಾ ಸರಿ ಅದ’ ಅನಿಸ್ತದ.

ಮಸಾವಾ_ನಕ್ಷೆ:
ಈಗ 1940ರ ಜೂನ್ ದಿನದಿಂದ ದಿನಕ್ಕೆ ನೋಡೋಣ, ಆಗ ಗ್ಯಾಸಿನ ಪಾಲು ಎಷ್ಟು, ಉಳಿದದ್ದರ ಪಾಲು ಎಷ್ಟು ಗೊತ್ತಾಗುತ್ತೆ. ಎಂಟು ದೋಣಿ: ಆರ್ಕಿಮೆಡೆ, ಫೆರ್ರಾರಿಸ್, ಗಲಿಲೇಯಿ, ಗಲ್ವಾನಿ, ಗುಲ್ಯೆಲ್ಮೊತ್ತಿ, ತೊರ್ರಿಚೆಲ್ಲಿ, ಪೆರ್ಲಾ, ಮಕಲ್ಲೆ. ಕೊನೆಯ ಎರಡೇ 600 ಶ್ರೇಣಿಯವು (ಮಕಲ್ಲೆ ಆದುವಾ ವರ್ಗ). ಉಳಿದವು ದೊಡ್ಡ, ಸಾಗರಕ್ಕೆ ಹೋಗುವ ದೋಣಿಗಳು. ಆದ್ದರಿಂದ ‘600 ಶ್ರೇಣಿಯ ದೋಷ’ ಎನ್ನುವುದೇ ನಿಲ್ಲುವುದಿಲ್ಲ. ಎಸಿ ಎಲ್ಲರದ್ದೂ ಒಂದೇ ಜಾತಿ.

ಮಕಲ್ಲೆ: ಪೋರ್ಟ್ ಸುಡಾನ್ ಕಡೆ ಹೊರಟಿತು, ಗ್ಯಾಸ್ ತಗುಲಿ ಸಿಬ್ಬಂದಿ ಮಂಕಾದರು, ದಾರಿ ಲೆಕ್ಕ ತಪ್ಪಿ ಜೂನ್ 15ಕ್ಕೆ ಬಾರ್ ಮೂಸಾ ಕೆಬೀರ್ ಎಂಬ ಹವಳದ ದಿಬ್ಬಕ್ಕೆ ಹತ್ತಿತು. ಜನ ದ್ವೀಪಕ್ಕಿಳಿದರು, ದೋಣಿ ಜಾರಿ ಆಳಕ್ಕೆ ಹೋಯಿತು. ಚಿಕ್ಕ ದೋಣಿಯಲ್ಲಿ ಮೂವರು ಸುದ್ದಿ ಒಯ್ದ ಮೇಲೆ ಗುಲ್ಯೆಲ್ಮೊತ್ತಿ ಬಂದು ಜೂನ್ 22ರಂದು ಉಳಿದವರನ್ನು ಹತ್ತಿಸಿಕೊಂಡಿತು. ಇದು ನೇರವಾಗಿ ಗ್ಯಾಸಿನ ಬಲಿ.

ಗಲಿಲೇಯಿ: ಜೂನ್ 16ಕ್ಕೆ ಏಡನ್ ಹೊರಗೆ ನಾರ್ವೆಯ ಟ್ಯಾಂಕರ್ ಜೇಮ್ಸ್ ಸ್ಟೋವ್ ಮುಳುಗಿಸಿತು. 18ಕ್ಕೆ ಯುಗೊಸ್ಲಾವಿಯಾದ ದ್ರಾವಾ ಹಡಗನ್ನು ತಡೆದು ಬಿಟ್ಟಿತು. ಅಷ್ಟಕ್ಕೆ ಇರುವ ಜಾಗ ಬಯಲಾಯಿತು. 19ಕ್ಕೆ ಬ್ರಿಟಿಷ್ ಸಶಸ್ತ್ರ ಟ್ರಾಲರ್ ಮೂನ್‌ಸ್ಟೋನ್ ಡೆಪ್ತ್ ಚಾರ್ಜ್ ಹಾಕಿ ಮೇಲಕ್ಕೆಬ್ಬಿಸಿತು. ಎರಡು 100 ಮಿ.ಮೀ. ತೋಪಿದ್ದ ಸಬ್‌ಮರೀನ್ ಮುಂದೆ ಒಂದು 4 ಇಂಚಿನ ತೋಪಿನ ಟ್ರಾಲರ್. ಆದರೆ ಒಳಗೆ ಗ್ಯಾಸ್ ಕುಡಿದು ಜೋಮು ಹಿಡಿದ ಜನ. ಟವರಿಗೆ ಬಿದ್ದ ಗುಂಡಿಗೆ ಕಮಾಂಡರ್ ಕೊರ್ರಾಡೊ ನಾರ್ಡಿ ಮತ್ತು ಬಹುತೇಕ ಅಧಿಕಾರಿಗಳು ಸತ್ತರು. ದೋಣಿ ಶರಣಾಯಿತು, ಡಿಸ್ಟ್ರಾಯರ್ ಕಂದಹಾರ್ ಅದನ್ನು ಏಡನ್‌ಗೆ ಎಳೆದೊಯ್ದಿತು.

ಮಿಕ್ಕ ಎರಡು ಹೋದದ್ದು ಇಲ್ಲಿಂದಲೇ. ಗಲಿಲೇಯಿಯಲ್ಲಿ ಕಾರ್ಯಾಚರಣೆಯ ಆದೇಶಪತ್ರಗಳು ಸಿಕ್ಕವು, ಯಾರು ಎಲ್ಲಿ ಕಾಯುತ್ತಾರೆ ಎಂಬುದು ಗೊತ್ತಾಯಿತು. ಗಲ್ವಾನಿಯನ್ನು ಒಮಾನ್ ಕೊಲ್ಲಿಯಲ್ಲಿ ಬ್ರಿಟಿಷ್ ಸ್ಲೂಪ್ (ಸಣ್ಣ ಬೆಂಗಾವಲು ಯುದ್ಧನೌಕೆ) ಫಾಲ್ಮತ್ ಮುಳುಗಿಸಿತು. ತೊರ್ರಿಚೆಲ್ಲಿ ಜೂನ್ 23ಕ್ಕೆ ಪೆರಿಮ್ ಬಳಿ ಮುಳುಗಲಾಗದೆ ಮೂರು ಡಿಸ್ಟ್ರಾಯರ್, ಒಂದು ಸ್ಲೂಪ್ ಎದುರು ಮೇಲೆಯೇ ಹೋರಾಡಿ ಹೋಯಿತು. ಅದೇ ದಿನ ಡಿಸ್ಟ್ರಾಯರ್ ಖಾರ್ಟೂಮ್ ಕೂಡ ಹೋಯಿತು. ತಮ್ಮದೇ ಟಾರ್ಪಿಡೊದ ಗಾಳಿ ಸಿಲಿಂಡರ್ ಒಡೆದು ಬೆಂಕಿ ಎಂದು ಬ್ರಿಟಿಷರು, ತೊರ್ರಿಚೆಲ್ಲಿಯ ಗುಂಡು ಎಂದು ಇಟಾಲಿಯನ್ನರು.

ನಾಲ್ಕರಲ್ಲಿ ಒಂದು ಗ್ಯಾಸಿನಿಂದ, ಒಂದು ಅರ್ಧ ಗ್ಯಾಸಿನಿಂದ, ಎರಡು ಕಾಗದದಿಂದ. ರಹಸ್ಯಪತ್ರ ಸುಡುವ ಸ್ಥಿತಿಯಲ್ಲಿ ಅಧಿಕಾರಿಗಳಿಲ್ಲದ್ದಕ್ಕೆ ಅರ್ಧ ಕಾರಣ ಗ್ಯಾಸು ಎನ್ನಬಹುದಾದರೆ ಹಾಗೆನ್ನಿ, ತಕರಾರಿಲ್ಲ.

ಕಡಲ್ಕರೆ_ಉಡುಪಿ:
ಗಲ್ವಾನಿ ಬಂದದ್ದಕ್ಕೆ ಒಂದು ಮಾತು, ಇದು ನಮ್ಮ ಕಡೆಗೆ ಸಂಬಂಧಪಟ್ಟದ್ದು. ಜೂನ್ 23ರಂದು ರಾಯಲ್ ಇಂಡಿಯನ್ ನೇವಿಯ ‘ಪಠಾಣ್’ ಮುಂಬಯಿ ಹೊರಗಡಲಲ್ಲಿ ಸ್ಫೋಟಗೊಂಡು ಮುಳುಗಿತು. ಎಷ್ಟೋ ಪಟ್ಟಿಗಳು ಅದನ್ನು ಗಲ್ವಾನಿಯ ಲೆಕ್ಕಕ್ಕೆ ಬರೀತವೆ. ಮುಂಬಯಿಯಿಂದ ಒಮಾನ್ ಕೊಲ್ಲಿಯಲ್ಲಿ ಗಲ್ವಾನಿ ಮುಳುಗಿದ ಜಾಗಕ್ಕೆ ಹೆಚ್ಚುಕಡಿಮೆ 950 ನಾಟಿಕಲ್ ಮೈಲಿ. ಪೂರಾ ವೇಗ 17 ನಾಟ್‌ನಲ್ಲಿ ಎಲ್ಲೂ ಮುಳುಗದೆ ಓಡಿದ್ರೂ 56 ಗಂಟೆ ಬೇಕು. ಫಾಲ್ಮತ್ ಗಲ್ವಾನಿಯನ್ನು ಹಿಡಿದದ್ದು 23-24ರ ರಾತ್ರಿ. ಲೆಕ್ಕ ಕೂಡುವುದೇ ಇಲ್ಲ.

ಮಸಾವಾ_ನಕ್ಷೆ:
ಅದಕ್ಕೇ ಅದನ್ನು ಪಟ್ಟಿಯಲ್ಲಿ ಹಾಕಲಿಲ್ಲ.

ಪೆರ್ಲಾ ಕಥೆ ಮುಗಿಸುತ್ತೇನೆ. ಗ್ಯಾಸಿನಿಂದ ಸಿಬ್ಬಂದಿ ಬಿದ್ದು ಜೂನ್ 26ಕ್ಕೆ ದಿಬ್ಬ ಹತ್ತಿತು. ಮರುದಿನ ಡಿಸ್ಟ್ರಾಯರ್ ಕಿಂಗ್‌ಸ್ಟನ್ ಗುಂಡು ಹಾರಿಸಿತು, ಇಟಲಿಯ ವಿಮಾನಗಳು ಬಂದು ಅಡ್ಡ ನಿಂತವು. ಜುಲೈನಲ್ಲಿ ಎಳೆದು ಮಸಾವಾಗೆ ತಂದರು. ಮುಂದೆ ಮಸಾವಾ ಬೀಳುವುದು ಖಚಿತವಾದಾಗ ಉಳಿದ ನಾಲ್ಕೂ ದೋಣಿ 1941ರ ಮಾರ್ಚ್ ಮೊದಲ ದಿನಗಳಲ್ಲಿ ಆಫ್ರಿಕಾ ಸುತ್ತಿ ಬೋರ್ಡೋಗೆ ಹೊರಟವು. ಪೆರ್ಲಾ ಮುಟ್ಟಿದ್ದು ಮೇ 20ಕ್ಕೆ.

ನೀರೊಳಗೆ:
ಈ ಪ್ರಯಾಣವೇ ವಿನ್ಯಾಸಕ್ಕೆ ಸಿಕ್ಕ ದೊಡ್ಡ ಪ್ರಮಾಣಪತ್ರ ಅಂತೀನಿ. 13,000 ನಾಟಿಕಲ್ ಮೈಲಿ ಆಸುಪಾಸು, 80 ದಿನ, ಸರಾಸರಿ 6.8 ನಾಟ್. ನಡುವೆ ಜರ್ಮನ್ ರೇಡರ್ (ವ್ಯಾಪಾರಿ ಹಡಗಿನ ವೇಷದ ಯುದ್ಧನೌಕೆ) ಅಟ್ಲಾಂಟಿಸ್‌ನಿಂದ ಇಂಧನ. 8 ನಾಟ್‌ಗೆ 5,200 ಮೈಲಿ ಹೋಗುವ ದೋಣಿ ಹೀಗೆ ಹೋದದ್ದು ಹೇಗೆ ಎಂದರೆ, ವೇಗ ತಗ್ಗಿದಂತೆ ಮೈಲಿಗೆ ತಗಲುವ ಇಂಧನ ವೇಗದ ವರ್ಗಕ್ಕೆ ಹತ್ತಿರವಾಗಿ ಇಳಿಯುತ್ತದೆ. 8ರಿಂದ 6.8ಕ್ಕೆ ಇಳಿದರೆ ಕಾಗದದ ಮೇಲೆ ಮೈಲಿಗೆ 28 ಶೇಕಡಾ ಉಳಿತಾಯ. ದೀಪ, ಪಂಪು, ಬ್ಯಾಟರಿ ಚಾರ್ಜಿಗೆ ಹೋಗುವುದು ಕಳೆದರೆ ನಿಜವಾದ ಉಳಿತಾಯ ಇನ್ನೂ ಕಡಿಮೆ. ಆದರೂ 700 ಟನ್ನಿನ ಕರಾವಳಿ ದೋಣಿ ಗುಡ್‌ಹೋಪ್ ಭೂಶಿರ ಸುತ್ತಿತು.

ಹಡಗುಕಟ್ಟೆ:
ಉಳಿದ ಒಂಬತ್ತು?

ಮಸಾವಾ_ನಕ್ಷೆ:
ಈರಿಡೆ: 1937ರ ಆಗಸ್ಟ್ 31ರ ರಾತ್ರಿ, ಸ್ಪೇನ್ ಅಂತರ್ಯುದ್ಧದ ಹೊತ್ತಿಗೆ, ಬೊರ್ಗೇಸೆ ಕಮಾಂಡಿನಲ್ಲಿ ಬ್ರಿಟಿಷ್ ಡಿಸ್ಟ್ರಾಯರ್ ಹ್ಯಾವೊಕ್ ಮೇಲೆ ಟಾರ್ಪಿಡೊ ಬಿಟ್ಟು ತಪ್ಪಿಸಿಕೊಂಡಿತು. 1940ರಲ್ಲಿ ಮಾನವಚಾಲಿತ ಟಾರ್ಪಿಡೊ (ಇಬ್ಬರು ಸವಾರರಾಗಿ ಕೂತು ನಡೆಸುವಂಥದ್ದು) ಒಯ್ಯಲು ಬದಲಾಯಿಸಿದರು. ಆ ಟಾರ್ಪಿಡೊಗಳು ಡೆಕ್ ಮೇಲೆ ತೆರೆದೇ ಕೂತಿದ್ದವು, ಅವು ತಡೆಯುವ ಆಳ 30 ಮೀಟರ್. ಆದ್ದರಿಂದ ದೋಣಿಯೂ 30 ಮೀಟರ್ ಕೆಳಗೆ ಹೋಗುವಂತಿಲ್ಲ! ಆಗಸ್ಟ್ 22ಕ್ಕೆ ಬೊಂಬಾ ಕೊಲ್ಲಿಯ ಕಮ್ಮಿ ನೀರಿನಲ್ಲಿ ಸ್ವೋರ್ಡ್‌ಫಿಶ್ ವಿಮಾನದ ಟಾರ್ಪಿಡೊಗೆ ಸಿಕ್ಕಿತು. ಆಮೇಲೆ ಗೊಂಡಾರ್, ಶಿರೇ (ಎರಡೂ ಆದುವಾ ವರ್ಗ) ದೋಣಿಗಳಿಗೆ ಒತ್ತಡ ತಡೆಯುವ ಮುಚ್ಚಿದ ಸಿಲಿಂಡರ್ ಮೂರು ಮೂರು ಕೂರಿಸಿದರು, ಮುಂದೆ ಒಂದು, ಹಿಂದೆ ಎರಡು. ಡೆಕ್ ತೋಪು ತೆಗೆದರು.

ಅಂಬ್ರಾ: ವರ್ಗದಲ್ಲೇ ಹೆಚ್ಚು ಗಳಿಸಿದ್ದು. 1941ರ ಮಾರ್ಚ್ 31ಕ್ಕೆ ಕ್ರೂಸರ್ ಬೊನಾವೆಂಚರ್ ಮುಳುಗಿಸಿತು. 1942ರ ಡಿಸೆಂಬರ್‌ನಲ್ಲಿ ಆಲ್ಜಿಯರ್ಸ್‌ಗೆ ಮಾನವಚಾಲಿತ ಟಾರ್ಪಿಡೊ ಮತ್ತು ಈಜುಗಾರರನ್ನು ಒಯ್ದಿತು. 1943ರ ಸೆಪ್ಟೆಂಬರ್‌ನಲ್ಲಿ ಲಾ ಸ್ಪೆಜಿಯಾದಲ್ಲಿ ತಾವೇ ಮುಳುಗಿಸಿದರು.

ಬೆರಿಲ್ಲೊ 1940ರ ಅಕ್ಟೋಬರ್ 2ಕ್ಕೆ ಹ್ಯಾವೊಕ್ ಮತ್ತು ಹೇಸ್ಟಿ ಕೈಗೆ. ಜೆಮ್ಮಾ ಅದೇ ಅಕ್ಟೋಬರ್ 8ರ ಕತ್ತಲಲ್ಲಿ ತಮ್ಮದೇ ಸಬ್‌ಮರೀನ್ ಟ್ರಿಕೆಕೊ ಬಿಟ್ಟ ಟಾರ್ಪಿಡೊಗೆ. ಕೊರಾಲ್ಲೊ 1942ರ ಡಿಸೆಂಬರ್ 13ಕ್ಕೆ, ಸ್ಲೂಪ್ ಎನ್‌ಚಾಂಟ್ರೆಸ್‌ನಿಂದ. ಮಲಾಕಿಟೆ 1943ರ ಫೆಬ್ರವರಿ 9ಕ್ಕೆ, ಡಚ್ ಸಬ್‌ಮರೀನ್ ಡಾಲ್ಫೈನ್‌ನಿಂದ. ಡಿಯಾಸ್ಪ್ರೊ, ತುರ್ಕೇಸೆ, ಓನಿಚೆ ಉಳಿದು 1948ರಲ್ಲಿ ಪಟ್ಟಿಯಿಂದ ಹೋದವು. ಹೋಲಿಕೆಗೆ ಆದುವಾ ವರ್ಗದ 17ರಲ್ಲಿ ಉಳಿದದ್ದು ಅಲಾಜಿ ಒಂದೇ.

ಸುನೀತಿ_ಕೆಮಿಸ್ಟ್ರಿ:
ಪೆರ್ಲಾ ಬೋರ್ಡೋದಿಂದ ಮೆಡಿಟರೇನಿಯನ್‌ಗೆ ವಾಪಸ್ ಬಂದಿತ್ತಲ್ಲವೇ? ಕೊನೆಗೆ ಏನಾಯಿತು?

ಮಸಾವಾ_ನಕ್ಷೆ:
ಬಂತು ಮೇಡಂ. 1942ರ ಜುಲೈ 9ರಂದು ಬೈರೂತ್ ಹೊರಗೆ ಬ್ರಿಟಿಷ್ ಕಾರ್ವೆಟ್ ಹಯಸಿಂತ್ ಡೆಪ್ತ್ ಚಾರ್ಜ್ ಹಾಕಿ ಮೇಲಕ್ಕೆ ತರಿಸಿ, ಹತ್ತಿ ಹಿಡಿದು ಬೈರೂತ್‌ಗೆ ಎಳೆದೊಯ್ದಿತು. ಪಿ712 ಎಂದು ಹೆಸರಾಯಿತು. 1943ರಲ್ಲಿ ಗ್ರೀಕ್ ನೌಕಾಪಡೆಗೆ ಕೊಟ್ಟರು, ‘ಮಾತ್ರೋಜೋಸ್’ ಎಂಬ ಹೆಸರಲ್ಲಿ ಸೇವೆಯಲ್ಲಿತ್ತು.